ಹೊಯಿಗೆಯಿಂದ ಸ್ಲೇಟಿಗೆ: ನಮ್ಮ ಊರಿನ ಮಕ್ಕಳು ಅಕ್ಷರ ಕಲಿತ ಕಥೆ



ನಮ್ಮ ಹಾಲು ಉತ್ಪಾದಕರ ಸಹಕಾರಿ ಸಂಘವು ಇಪ್ಪತ್ತೈದು ವರ್ಷಗಳನ್ನು ಪೂರೈಸಿ ಬೆಳ್ಳಿಹಬ್ಬವನ್ನು ಆಚರಿಸುತ್ತಿರುವ ಈ ಶುಭ ಸಂದರ್ಭದಲ್ಲಿ ಹೊರಬರುವ ಸ್ಮರಣ ಸಂಚಿಕೆಗೆ ನಿರ್ದೇಶಕರೆಲ್ಲ ಒಂದೊಂದು ಲೇಖನ ಕೊಡಬೇಕು ಎಂದು ಸಂಪಾದಕ ಮಂಡಳಿಯವರು ಹೇಳಿದಾಗ ನಮಗೆ ಸ್ವಲ್ಪ ಹೆದರಿಕೆಯೇ ಆಯಿತು. ನಾವು ಕೃಷಿಕರು, ಕಲಿತದ್ದು ಎಸ್ಸೆಸ್ಸೆಲ್ಸಿ. ದನಗಳ ಕಾಯಿಲೆಯ ಬಗ್ಗೆ ಬರೆಯಲಿಕ್ಕೆ ಡಾಕ್ಟರರಿದ್ದಾರೆ, ಲೆಕ್ಕಪತ್ರದ ಬಗ್ಗೆ ಬರೆಯಲಿಕ್ಕೆ ಕಾರ್ಯದರ್ಶಿಯವರಿದ್ದಾರೆ, ಸಂಘ ನಡೆದು ಬಂದ ದಾರಿಯನ್ನು ಅಧ್ಯಕ್ಷರು ಬರೆಯುತ್ತಾರೆ. ಇನ್ನು ನಮಗೆ ಉಳಿದದ್ದು ಎಂಥದ್ದು ಎಂದು ಯೋಚಿಸುತ್ತಾ ಒಂದು ದಿನ ಸಂಘದ ಕಪಾಟಿನಿಂದ ಮೊದಲ ವರ್ಷದ ಸದಸ್ಯರ ರಿಜಿಸ್ಟರ್ ತೆಗೆದು ಮಗುಚಿ ನೋಡಿದೆವು.

ಸಹಿಗಳ ನಡುನಡುವೆ ನೀಲಿ ಶಾಯಿಯ ಹೆಬ್ಬೆಟ್ಟುಗಳು. ಒಂದು ಪುಟದಲ್ಲಿ ಎರಡು, ಇನ್ನೊಂದರಲ್ಲಿ ನಾಲ್ಕು. ಹೆಚ್ಚಿನವು ಹೆಂಗಸರದ್ದು. ಹಾಲು ಕರೆದವರು ಅವರು, ಹುಲ್ಲು ಹೊತ್ತವರು ಅವರು, ಹಾಲಿನ ಕಾರ್ಡಿನಲ್ಲಿ ಏನು ಬರೆದಿದೆ ಎಂದು ಇನ್ನೊಬ್ಬರ ಹತ್ತಿರ ಕೇಳಬೇಕಾದವರೂ ಅವರೇ. ಅದರಲ್ಲಿ ಒಂದು ಹೆಬ್ಬೆಟ್ಟು ನಮ್ಮ ಸ್ವಂತ ಅಕ್ಕನದು. ಒಂದೇ ಮನೆಯಲ್ಲಿ ಹುಟ್ಟಿದ ನಮಗೆ ಅಕ್ಷರ ಬಂತು, ಅಕ್ಕನಿಗೆ ಯಾಕೆ ಬರಲಿಲ್ಲ? ಈ ಪ್ರಶ್ನೆಯನ್ನು ಹಿಡಿದುಕೊಂಡು ನಮ್ಮ ಕಡೆಯ ಎಳೆಯ ಮಕ್ಕಳಿಗೆ ಹಿಂದಿನಿಂದ ಅಕ್ಷರ ಕಲಿಸಿದ ರೀತಿಯನ್ನು ನಮಗೆ ತಿಳಿದ ಮಟ್ಟಿಗೆ ಇಲ್ಲಿ ಬರೆದಿದ್ದೇವೆ. ತಪ್ಪಿದ್ದರೆ ಹಿರಿಯರು ತಿದ್ದಬೇಕು.

ನಾಲ್ಕು ಬಾಯಿ, ಒಂದೇ ಅಕ್ಷರಮಾಲೆ

ನಮ್ಮ ಊರು ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆ ಈ ಮೂರೂ ಕೂಡುವ ಅಂಚಿನಲ್ಲಿದೆ. ಸಂತೆಗೆ ಒಂದು ಕಡೆ, ಕೋರ್ಟು ಕಚೇರಿಗೆ ಒಂದು ಕಡೆ, ಮದುವೆ ಸಂಬಂಧಕ್ಕೆ ಇನ್ನೊಂದು ಕಡೆ ಹೋಗುವವರು ನಾವು. ಬೆಳಿಗ್ಗೆ ಹಾಲು ಹಾಕಲಿಕ್ಕೆ ಬಂದವರ ಸಾಲಿನಲ್ಲಿ ನಿಂತು ಕಿವಿಗೊಟ್ಟರೆ ಗೊತ್ತಾಗುತ್ತದೆ: ಹೆಚ್ಚಿನವರದ್ದು ತುಳು, ಕೆಲವರದ್ದು ಕೊಂಕಣಿ, ಕೆಲವರದ್ದು ಬ್ಯಾರಿ, ಒಂದೆರಡು ಮನೆಯವರದ್ದು ಹವ್ಯಕ ಕನ್ನಡ. ಆದರೆ ಕಾರ್ಡಿನಲ್ಲಿ ಬರೆಯುವುದು ಎಲ್ಲರಿಗೂ ಕನ್ನಡ ಅಕ್ಷರದಲ್ಲೇ. ತುಳುವರು ತುಳುವನ್ನು ಬರೆಯುವುದೂ ಇದೇ ಅಕ್ಷರದಲ್ಲಿ, ನಮ್ಮ ಜಿಲ್ಲೆಯ ಕ್ರಿಶ್ಚಿಯನ್ ಬಂಧುಗಳು 1938ರಿಂದ ಓದುತ್ತಾ ಬಂದ ‘ರಾಕ್ಣೊ’ ಕೊಂಕಣಿ ಪತ್ರಿಕೆಯೂ ಇದೇ ಅಕ್ಷರದಲ್ಲಿ, ಬ್ಯಾರಿ ಬರಹವೂ ಇದೇ ಅಕ್ಷರದಲ್ಲಿ.

ತುಳುವಿಗೆ ಸ್ವಂತ ಲಿಪಿ ಇರಲಿಲ್ಲ ಎಂದಲ್ಲ, ಉಂಟು. ಆದರೆ ಅದನ್ನು ಹೆಚ್ಚಾಗಿ ತುಳು ಬ್ರಾಹ್ಮಣರು ಸಂಸ್ಕೃತದ ಮಂತ್ರ, ಶಾಸ್ತ್ರಗಳನ್ನು ತಾಳೆಗರಿಯಲ್ಲಿ ಬರೆಯಲಿಕ್ಕೆ ಉಪಯೋಗಿಸುತ್ತಿದ್ದರು. ಗದ್ದೆ ಬೈಲಿನ ಮಕ್ಕಳಿಗೆ ಅದನ್ನು ಯಾರೂ ಹೇಳಿಕೊಟ್ಟದ್ದಿಲ್ಲ. 2024ರಲ್ಲಿ ಆ ಲಿಪಿ ಕಂಪ್ಯೂಟರಿನ ಯೂನಿಕೋಡಿಗೆ ಸೇರಿದೆ. ಸಂತೋಷದ ವಿಷಯ. ಆದರೆ ನಮ್ಮ ಅಜ್ಜ, ಅಪ್ಪ, ನಾವು ಅಕ್ಷರ ಎಂದು ಕಲಿತದ್ದು, ಕಲಿಯದೆ ಸೋತದ್ದು ಎಲ್ಲ ಕನ್ನಡದ ಅ ಆ ಇ ಈಯಲ್ಲೇ. ಅಂದರೆ ನಮ್ಮ ಕಡೆಯ ಮಗುವಿಗೆ ಮೊದಲ ದಿನದಿಂದಲೇ ಎರಡು ಕೆಲಸ. ಗೆರೆಯನ್ನು ಗುರುತಿಸಿ ಬರೆಯಬೇಕು, ಜತೆಗೆ ಮನೆಯಲ್ಲಿ ಕೇಳದ ಮಾತಿಗೆ ಆ ಗೆರೆಯನ್ನು ಜೋಡಿಸಬೇಕು. ಈ ಎರಡನೆಯ ಕೆಲಸ ಕಷ್ಟದ್ದು ಎಂದು ಕಲಿಸುವವರಿಗೆ ಬಹಳ ಕಾಲ ಅನಿಸಲೇ ಇಲ್ಲ.

ತಾಳೆಗರಿಯ ಊರು

ಅಕ್ಷರದ ವಿಷಯದಲ್ಲಿ ನಮ್ಮ ಸೀಮೆ ಬಡ ಸೀಮೆ ಅಲ್ಲ. ಮೂಡಬಿದಿರೆಯ ಗುರುಬಸದಿಯಲ್ಲಿ ಧವಲ, ಜಯಧವಲ, ಮಹಾಧವಲ ಎಂಬ ಜೈನ ಸಿದ್ಧಾಂತ ಗ್ರಂಥಗಳ ತಾಳೆಗರಿ ಪ್ರತಿಗಳನ್ನು ಶತಮಾನಗಳ ಕಾಲ ಕಾಪಾಡಿಕೊಂಡು ಬಂದರು. ಅವುಗಳ ಮುಖ್ಯ ಭಾಷೆ ಪ್ರಾಕೃತ, ಆದರೆ ಲಿಪಿ ಹಳೆಯ ಕನ್ನಡ. ಬೇರೆಲ್ಲೂ ಸಿಗದ ಗ್ರಂಥವೆಂದು ಉತ್ತರ ಭಾರತದ ವಿದ್ವಾಂಸರು ಇವುಗಳ ನಕಲಿಗಾಗಿ ಕಾದು ಕುಳಿತಿದ್ದರು. ಧವಲದ ಮೊದಲ ಸಂಪುಟ ಅಚ್ಚಾದದ್ದು 1939ರಲ್ಲಿ. ಅಂದರೆ ಇಡೀ ದೇಶದ ಜೈನರ ಒಂದು ದೊಡ್ಡ ನಿಧಿಯನ್ನು ಉಳಿಸಿಕೊಟ್ಟದ್ದು ಕನ್ನಡದ ಅಕ್ಷರ, ಅದೂ ತುಳು ಮಾತಾಡುವ ಒಂದು ಊರಿನಲ್ಲಿ.

ತಾಳೆಗರಿಯಲ್ಲಿ ಬರೆಯುವುದೆಂದರೆ ಕಬ್ಬಿಣದ ಕಂಟದಿಂದ ಗೀರುವುದು. ಆಮೇಲೆ ಮಸಿ ಉಜ್ಜಿದರೆ ಗೀರಿದ ಕಡೆ ಕಪ್ಪು ಕೂತು ಅಕ್ಷರ ಕಾಣುತ್ತದೆ. ಗರಿಯ ನಾರಿನ ಉದ್ದಕ್ಕೆ ನೇರ ಗೆರೆ ಎಳೆದರೆ ಗರಿ ಸೀಳಿ ಹೋಗುತ್ತದೆ, ಅದಕ್ಕಾಗಿಯೇ ನಮ್ಮ ಅಕ್ಷರಗಳು ಗುಂಡಗೆ ಆದವು ಎಂದು ಬಲ್ಲವರು ಹೇಳುತ್ತಾರೆ. ಒಂದನೇ ಕ್ಲಾಸಿನ ಮಗು ‘ಅ’ ಬರೆಯುವಾಗ ಬೆರಳನ್ನು ಸುತ್ತಿಸಿ ಸುತ್ತಿಸಿ ಒದ್ದಾಡುವುದು ಆ ಕಾಲದ ಋಣ ಎನ್ನಬಹುದು.

ಆದರೆ ಇಷ್ಟು ದೊಡ್ಡ ಭಂಡಾರ ಇದ್ದ ಊರಿನ ಸುತ್ತಲಿನ ಗದ್ದೆಗಳಲ್ಲಿ ದುಡಿಯುತ್ತಿದ್ದವರಿಗೆ ಒಂದು ಅಕ್ಷರವೂ ಗೊತ್ತಿರಲಿಲ್ಲ ಎಂಬುದೂ ಅಷ್ಟೇ ನಿಜ. ಅಕ್ಷರ ಊರಿನಲ್ಲಿತ್ತು, ಎಲ್ಲರ ಮನೆಯಲ್ಲಿರಲಿಲ್ಲ.

ಹೊಯಿಗೆಯ ಪಾಠ

ಮಕ್ಕಳಿಗೆ ತಾಳೆಗರಿ ಕೊಡುವ ಹಾಗಿರಲಿಲ್ಲ. ಅವರ ಪುಸ್ತಕ ಹೊಯಿಗೆ. ಇದು ಎಷ್ಟು ಹಳೆಯ ಕ್ರಮ ಎಂಬುದಕ್ಕೆ ಒಂದು ಒಳ್ಳೆಯ ಸಾಕ್ಷಿ ಉಂಟು. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ 1623ರಲ್ಲಿ ಇಕ್ಕೇರಿಗೆ ಹೋಗುವ ದಾರಿಯಲ್ಲಿ ಘಟ್ಟದ ಮೇಲೆ ಹನುಮಂತನ ಗುಡಿಯ ಜಗಲಿಯಲ್ಲಿ ನಾಲ್ಕು ಮಂದಿ ಹುಡುಗರನ್ನು ಕಂಡ. ಅವರು ನೆಲದ ಮೇಲೆ ನಯವಾದ ಹೊಯಿಗೆ ಹರಡಿ, ಪಾಠವನ್ನು ರಾಗದಲ್ಲಿ ಹೇಳುತ್ತಾ ಹೇಳುತ್ತಾ ಅದನ್ನೇ ಬೆರಳಿನಿಂದ ಬರೆಯುತ್ತಿದ್ದರು. ನೆಲ ತುಂಬಿದರೆ ಅಳಿಸಿ ಮತ್ತೆ ಹೊಯಿಗೆ ಹಾಕುತ್ತಿದ್ದರು. ಹೇಳಿಕೊಡುವ ಗುರು ಯಾರೂ ಹತ್ತಿರ ಇರಲಿಲ್ಲ, ಒಬ್ಬ ಮರೆತರೆ ಉಳಿದವರು ನೆನಪು ಮಾಡುತ್ತಿದ್ದರು. ಕಾಗದ, ಲೇಖನಿ, ಶಾಯಿ ಹಾಳಾಗದ ಈ ರೀತಿ ಅವನಿಗೆ ಬಹಳ ಮೆಚ್ಚಿಗೆಯಾಯಿತು. ಅದೇ ಪ್ರವಾಸದಲ್ಲಿ ಅವನು ಘಟ್ಟ ಇಳಿದು ಮಂಗಳೂರಿಗೂ ಬಂದು, ಮಣೇಲಿನಲ್ಲಿ ಉಳ್ಳಾಲದ ರಾಣಿಯನ್ನು ಕಂಡು ಮಾತಾಡಿದ. ಮಣೇಲು ಎಂದರೆ ನಮ್ಮ ಬಂಟ್ವಾಳದ ಕಡೆಯವರಿಗೆ ದೂರದ ಊರೇನೂ ಅಲ್ಲ.

ಆಮೇಲೆ ಸುಮಾರು 170 ವರ್ಷ ಕಳೆದು ಮದ್ರಾಸಿನಲ್ಲಿ ಆಂಡ್ರ್ಯೂ ಬೆಲ್ ಎಂಬ ಪಾದ್ರಿ ಮಲಬಾರಿನ ಮಕ್ಕಳು ಹೊಯಿಗೆಯಲ್ಲಿ ಬರೆಯುವುದನ್ನು ನೋಡಿ, ತಾನು ನಡೆಸುತ್ತಿದ್ದ ಅನಾಥ ಮಕ್ಕಳ ಶಾಲೆಯಲ್ಲಿ ಅದನ್ನೇ ಮಾಡಿಸಿದ. ದೊಡ್ಡ ಮಕ್ಕಳು ಸಣ್ಣವರಿಗೆ ಹೇಳಿಕೊಡುವ ಕ್ರಮವನ್ನೂ ಸೇರಿಸಿ 1797ರಲ್ಲಿ ಲಂಡನ್ನಿನಲ್ಲಿ ಪುಸ್ತಕ ಮಾಡಿದ. ಅದಕ್ಕೆ ‘ಮದ್ರಾಸ್ ಪದ್ಧತಿ’ ಎಂದೇ ಹೆಸರು ಬಂತು. ಬಡ ಇಂಗ್ಲಿಷ್ ಮಕ್ಕಳು ಹೊಯಿಗೆಯ ತಟ್ಟೆಯಲ್ಲಿ ಎ ಬಿ ಸಿ ತಿದ್ದಿದರು. ನೋಡಿ, ಇವತ್ತು ನಾವು ಇಂಗ್ಲಿಷ್ ಅಕ್ಷರಕ್ಕಾಗಿ ಸಾವಿರಗಟ್ಟಲೆ ಫೀಸು ಕಟ್ಟುತ್ತೇವೆ, ಆ ಅಕ್ಷರ ಕಲಿಯುವ ಉಪಾಯ ಒಂದು ಕಾಲದಲ್ಲಿ ನಮ್ಮ ಕರಾವಳಿಯಿಂದ ಅವರಿಗೆ ಹೋದದ್ದು.

ಈ ಕ್ರಮದ ಗುಟ್ಟು ಇಷ್ಟೇ: ಬಾಯಿ ಹೇಳುತ್ತದೆ, ಬೆರಳು ಬರೆಯುತ್ತದೆ, ಕಣ್ಣು ನೋಡುತ್ತದೆ. ಮೂರೂ ಒಟ್ಟಿಗೆ. ಹೊಯಿಗೆಯಲ್ಲಿ ತಪ್ಪಿದರೆ ಅಂಗೈಯಲ್ಲಿ ಒಂದು ಸವರು, ತಪ್ಪಿದ್ದೇ ಗೊತ್ತಿಲ್ಲ. ಮೂರು ನಾಲ್ಕು ವರ್ಷದ ಮಗುವಿಗೆ ಕಡ್ಡಿ ಹಿಡಿಯಲಿಕ್ಕೆ ಬೆರಳಿನಲ್ಲಿ ಬಲ ಇರುವುದಿಲ್ಲ, ಆದರೆ ಹೊಯಿಗೆಯಲ್ಲಿ ಬೆರಳು ಆಡಿಸಲಿಕ್ಕೆ ಬಲ ಬೇಡ.

ನಮ್ಮ ಅಜ್ಜ ಹುಟ್ಟಿದ್ದು ಸುಮಾರು 1915ರಲ್ಲಿ. ಅವರ ಕಾಲದಲ್ಲಿ ಧಣಿಗಳ ಮನೆಯ ಚಾವಡಿಯಲ್ಲಿ ಐಗಳ ಮಠ ನಡೆಯುತ್ತಿತ್ತು. ಐಗಳು ಬಂದು ತಿಂಗಳುಗಟ್ಟಲೆ ಅಲ್ಲೇ ಉಳಿದು ಮನೆಯ ಗಂಡುಮಕ್ಕಳಿಗೆ, ನೆರೆಕರೆಯ ಅನುಕೂಲಸ್ಥರ ಮಕ್ಕಳಿಗೆ ಹೇಳಿಕೊಡುತ್ತಿದ್ದರು. ವಿಜಯದಶಮಿಯ ದಿನ ಬಟ್ಟಲಿನ ಅಕ್ಕಿಯಲ್ಲಿ ‘ಓನಾಮ’ ತಿದ್ದಿಸಿದರೆ ಮರುದಿನದಿಂದ ಹೊಯಿಗೆ. ನಮ್ಮ ಅಜ್ಜ ಗೇಣಿ ಒಕ್ಕಲಿನ ಮನೆಯ ಹುಡುಗ. ಚಾವಡಿ ಹತ್ತುವ ಹಾಗಿರಲಿಲ್ಲ. ಅಂಗಳದ ಕೊಡಿಯಲ್ಲಿ ದನ ಅಡ್ಡ ಹಾಕುತ್ತಾ ಅಲ್ಲಿ ರಾಗದಲ್ಲಿ ಹೇಳುವುದನ್ನು ಕೇಳಿ ‘ಕ-ಕ್ಕೆ ತಲೆಕಟ್ಟು ಕ, ಇಳಿ ಕೊಟ್ಟರೆ ಕಾ, ಗುಡಿಸು ಕೊಟ್ಟರೆ ಕಿ’ ಎಂದು ಸಾಯುವವರೆಗೂ ತಪ್ಪಿಲ್ಲದೆ ಹೇಳುತ್ತಿದ್ದರು. ಆದರೆ ‘ಕ’ವನ್ನು ಬರೆದು ತೋರಿಸಿ ಅಜ್ಜಾ ಎಂದರೆ ನಕ್ಕುಬಿಡುತ್ತಿದ್ದರು. ಅವರ ಕಿವಿಗೆ ಅಕ್ಷರ ಬಂದಿತ್ತು, ಬೆರಳಿಗೆ ಬರಲಿಲ್ಲ.

ಅಜ್ಜನಿಗೆ ಅಂಗಳವಾದರೂ ಸಿಕ್ಕಿತು, ಅಂಗಳಕ್ಕೂ ಬರಲಾಗದವರು ಇದ್ದರು. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ಅಂಥವರ ಮಕ್ಕಳಿಗಾಗಿ ಶಾಲೆ ತೆರೆದು, ಸ್ವಂತ ಜಾತಿಯವರ ಬಹಿಷ್ಕಾರವನ್ನೂ ಸಹಿಸಿ, 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಶನ್ ಸ್ಥಾಪಿಸಿದರು. ಅವರನ್ನು ನೆನೆಯದೆ ಈ ಜಿಲ್ಲೆಯ ಅಕ್ಷರದ ಕಥೆ ಪೂರ್ತಿಯಾಗುವುದಿಲ್ಲ.

ಅಚ್ಚಿನ ಪುಸ್ತಕ ಮತ್ತು ಬಂಟ್ವಾಳದ ಪಂಜೆಯವರು

1834ರಲ್ಲಿ ಬಾಸೆಲ್ ಮಿಶನಿನ ಪಾದ್ರಿಗಳು ಮಂಗಳೂರಿಗೆ ಬಂದರು. ಶಾಲೆಗಳನ್ನು ತೆರೆದರು, 1841ರಲ್ಲಿ ಅಚ್ಚುಕೂಟ ಹಾಕಿದರು, 1843ರಲ್ಲಿ ಅವರಲ್ಲಿ ಒಬ್ಬರಾದ ಮೋಗ್ಲಿಂಗ್‌ರು ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು. ತುಳುವನ್ನು ಅಚ್ಚು ಮಾಡಬೇಕಾಗಿ ಬಂದಾಗಲೂ ಅವರು ಆರಿಸಿಕೊಂಡದ್ದು ಕನ್ನಡದ ಅಕ್ಷರವನ್ನೇ. ಅಚ್ಚು ಬಂದದ್ದರಿಂದ ಮಕ್ಕಳಿಗೆ ಒಂದು ದೊಡ್ಡ ಉಪಕಾರವಾಯಿತು. ಐಗಳ ಕೈಬರಹ ಒಬ್ಬೊಬ್ಬರದ್ದು ಒಂದೊಂದು ರೀತಿ ಇರುತ್ತಿತ್ತು. ಅಚ್ಚಿನ ‘ಅ’ ಮಂಗಳೂರಿನಲ್ಲೂ ಒಂದೇ, ಬೆಳ್ತಂಗಡಿಯಲ್ಲೂ ಒಂದೇ.

ಆದರೆ ಅಚ್ಚಿನ ಪುಸ್ತಕಕ್ಕೆ ಮಕ್ಕಳ ಬಾಯಿಯನ್ನು ಕೊಟ್ಟವರು ನಮ್ಮ ಬಂಟ್ವಾಳದವರೇ ಆದ ಪಂಜೆ ಮಂಗೇಶರಾಯರು. ಅವರು ಹುಟ್ಟಿದ್ದು 1874ರಲ್ಲಿ ಬಂಟ್ವಾಳದಲ್ಲಿ. 2024ಕ್ಕೆ 150 ವರ್ಷವಾಯಿತು. ಮನೆಮಾತು ಕೊಂಕಣಿ, ಪೇಟೆಯ ಮಾತು ತುಳು, ಬರೆದದ್ದು ಕನ್ನಡ. ಉಪಾಧ್ಯಾಯರಾಗಿ, ಶಾಲಾ ಇನ್‌ಸ್ಪೆಕ್ಟರರಾಗಿ ಹಳ್ಳಿ ಶಾಲೆಗಳನ್ನು ಕಣ್ಣಾರೆ ಕಂಡವರು. ಮಕ್ಕಳಿಗೆ ಬೇಕಾದ ಪುಸ್ತಕ ಕನ್ನಡದಲ್ಲಿ ಇಲ್ಲವೆಂದು 1921ರಲ್ಲಿ ಮಂಗಳೂರಿನಲ್ಲಿ ‘ಬಾಲಸಾಹಿತ್ಯ ಮಂಡಲ’ವನ್ನು ಕಟ್ಟಿದರು. 1934ರಲ್ಲಿ ರಾಯಚೂರಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು.

ಪಂಜೆಯವರ ಮಕ್ಕಳ ಹಾಡುಗಳನ್ನು ಗೊತ್ತಿಲ್ಲದವರು ನಮ್ಮಲ್ಲಿ ಯಾರೂ ಇಲ್ಲ. ನಾಗರಹಾವಿನ ಹಾಡು ನಮಗೆ ಬಾಯಿಪಾಠ ಬಂದದ್ದು ಅಕ್ಷರ ಬರುವುದಕ್ಕೆ ಮೊದಲು. ಆಮೇಲೆ ಪುಸ್ತಕದಲ್ಲಿ ಅದೇ ಹಾಡನ್ನು ಕಂಡಾಗ ಅಕ್ಷರಗಳು ಗುರುತಿನವರ ಹಾಗೆ ಕಂಡವು. ಬಾಯಿಯಲ್ಲಿ ಮೊದಲೇ ಇದ್ದ ಮಾತನ್ನು ಕಣ್ಣು ಗುರುತಿಸುವುದು ಸುಲಭ. ಹುಡುಗರು ಗುಡಿಯ ಜಗಲಿಯಲ್ಲಿ ಹಾಡುತ್ತಾ ಹೊಯಿಗೆಯಲ್ಲಿ ಬರೆದದ್ದೂ ಇದನ್ನೇ, ಪಂಜೆಯವರು ಮಾಡಿದ್ದೂ ಇದನ್ನೇ.

ಸ್ಲೇಟು, ಕಡ್ಡಿ ಮತ್ತು ಡಿಕ್ಲರೇಶನ್

1920ರಲ್ಲಿ ಮದ್ರಾಸ್ ಸರಕಾರ ಪ್ರಾಥಮಿಕ ಶಿಕ್ಷಣದ ಕಾಯಿದೆ ತಂದಿತು. ಬೋರ್ಡು ಶಾಲೆ, ಏಡೆಡ್ ಶಾಲೆಗಳು ಹಳ್ಳಿಗಳಿಗೆ ಬಂದವು. ನಮ್ಮ ಅಪ್ಪ 1950ರ ಹೊತ್ತಿಗೆ ಅಂಥ ಒಂದು ಶಾಲೆಗೆ ಎರಡು ತೋಡು ದಾಟಿ ಹೋಗಿ ಮೂರನೇ ಕ್ಲಾಸಿನವರೆಗೆ ಕಲಿತರು. ಆಗ ನಮ್ಮ ಜಿಲ್ಲೆ ಮದ್ರಾಸಿಗೆ ಸೇರಿತ್ತು, ಮೈಸೂರಿಗೆ ಸೇರಿದ್ದು 1956ರಲ್ಲಿ. ಹೊಯಿಗೆಯ ಜಾಗಕ್ಕೆ ಸ್ಲೇಟು ಬಂದಿತ್ತು. ಮರದ ಚೌಕಟ್ಟಿನ ಕಲ್ಲಿನ ಸ್ಲೇಟು ಒಂದು ಒಡೆದರೆ ವರ್ಷವಿಡೀ ಬೈಗಳು. ಅದನ್ನು ಉಜ್ಜಲಿಕ್ಕೆ ಮಳೆಗಾಲದಲ್ಲಿ ಪಾಗಾರದ ಬದಿಯಲ್ಲಿ ಹುಟ್ಟುವ ನೀರುಕಡ್ಡಿ. ಆ ಗಿಡದ ದಂಟು ಮುರಿದು ಉಜ್ಜಿದರೆ ಸ್ಲೇಟು ಕಪ್ಪಗೆ ಹೊಳೆಯುತ್ತದೆ. ನಮ್ಮ ಕಾಲದವರೆಗೂ ಇದು ಇತ್ತು. ಒಳ್ಳೆಯ ನೀರುಕಡ್ಡಿ ಎಲ್ಲಿ ಸಿಗುತ್ತದೆ ಎಂದು ತಿಳಿದ ಹುಡುಗನಿಗೆ ಕ್ಲಾಸಿನಲ್ಲಿ ಮರ್ಯಾದೆ ಜಾಸ್ತಿ!

ಅಪ್ಪನ ಮೂರನೇ ಕ್ಲಾಸಿನ ಬೆಲೆ ಗೊತ್ತಾದದ್ದು ಭೂಮಸೂದೆ ಬಂದಾಗ. 1974ರ ಮಾರ್ಚ್ 1ರಿಂದ ಗೇಣಿ ಪದ್ಧತಿ ರದ್ದಾಗಿ, ಉಳುವವನು ತಾನು ಗೇಣಿದಾರ ಎಂದು ಡಿಕ್ಲರೇಶನ್ ಕೊಡಬೇಕಾಯಿತು. ಬಂಟ್ವಾಳ, ಬೆಳ್ತಂಗಡಿಯ ಕಡೆ ಸಾವಿರಾರು ಒಕ್ಕಲುಗಳು ಫಾರ್ಮು ಹಿಡಿದುಕೊಂಡು ಬರೆಯುವವರನ್ನು ಹುಡುಕಿದರು. ಬರೆದುಕೊಟ್ಟವನು ಸರ್ವೆ ನಂಬ್ರ ಸರಿ ಬರೆದಿದ್ದಾನೋ ಇಲ್ಲವೋ ಎಂದು ನೋಡಲಿಕ್ಕೂ ಅಕ್ಷರ ಬೇಕಲ್ಲ? ಅಪ್ಪ ತನ್ನ ಫಾರ್ಮನ್ನು ತಾನೇ ಎರಡು ಸಲ ಓದಿ, ಒಂದು ತಪ್ಪು ಹಿಡಿದು, ತಿದ್ದಿಸಿ, ಸಹಿ ಹಾಕಿದರು. ನಾವು ಇವತ್ತು ಹಸು ಕಟ್ಟಿರುವ ಹಟ್ಟಿ ಆ ಸಹಿಯ ಮೇಲೆ ನಿಂತಿದೆ.

ಇಲಿಯೋ ಎಲಿಯೋ

ಈಗ ಅಕ್ಕನ ವಿಷಯಕ್ಕೆ ಬರುತ್ತೇವೆ. ಅಕ್ಕ ನಮಗಿಂತ ಆರು ವರ್ಷಕ್ಕೆ ದೊಡ್ಡವಳು. ಅವಳನ್ನು ಒಂದನೇ ಕ್ಲಾಸಿಗೆ ಸೇರಿಸಿದ್ದು 1980ರಲ್ಲಿ. ಹೋದದ್ದು ಕೆಲವೇ ತಿಂಗಳು. ಯಾಕೆ ಬಿಟ್ಟಳು ಎಂದು ನಾವು ಯಾರೂ ಕೇಳಿದ್ದಿಲ್ಲ. ಹೆಣ್ಣುಮಗು, ಮನೆಯಲ್ಲಿ ಕೆಲಸ ಉಂಟು, ಬಿಟ್ಟಳು ಎಂದೇ ತಿಳಿದಿದ್ದೆವು. ಈ ಲೇಖನಕ್ಕಾಗಿ ಮೊದಲ ಸಲ ಕೇಳಿದಾಗ ಅಕ್ಕ ಹೇಳಿದ್ದು ಹೀಗೆ:

“ಗೋಡೆಯಲ್ಲಿ ಚಿತ್ರದ ಪಟ ಇತ್ತು ಮಾರಾಯ. ಹಕ್ಕಿಯ ಚಿತ್ರಕ್ಕೆ ಕೋಲು ಇಟ್ಟು ಇದು ಯಾವ ಅಕ್ಷರ ಅಂತ ಕೇಳಿದ್ರು. ನಾನು ಪಕ್ಕಿ, ಪ ಅಂದೆ. ಎಲ್ಲ ನೆಗಾಡಿದ್ರು. ಬೆರಳ ಗಂಟಿಗೆ ಪೆಟ್ಟು ಬಿತ್ತು. ಮರುದಿನ ಇಲಿ. ನಾನು ಎ ಅಂದೆ. ಮತ್ತೆ ಪೆಟ್ಟು. ಎಲೆ ತೋರಿಸಿದಾಗ ಇ ಅಂದೆ. ಆಮೇಲೆ ನಾನು ಬಾಯಿಯೇ ಬಿಡಲಿಲ್ಲ.”

ತುಳು ಗೊತ್ತಿಲ್ಲದವರಿಗೆ ಇದನ್ನು ಬಿಡಿಸಿ ಹೇಳಬೇಕು. ಇಲಿಗೆ ತುಳುವಿನಲ್ಲಿ ‘ಎಲಿ’ ಎನ್ನುತ್ತಾರೆ. ಎಲೆಗೆ ‘ಇರೆ’. ಪಟದಲ್ಲಿ ‘ಇ’ಯ ಕೆಳಗೆ ಇಲಿಯ ಚಿತ್ರ, ‘ಎ’ಯ ಕೆಳಗೆ ಎಲೆಯ ಚಿತ್ರ. ತುಳು ಮನೆಯ ಮಗು ಮನಸ್ಸಿಟ್ಟು ಸರಿಯಾಗಿ ಉತ್ತರ ಕೊಟ್ಟಷ್ಟೂ ಎರಡೂ ಅಡಿಮೇಲಾಗುತ್ತದೆ! ಕೊಂಕಣಿ ಮನೆಯ ಮಗುವಾದರೆ ‘ಉಂದಿರ್’ ಎಂದು ‘ಉ’ಗೆ ಹೋಗುತ್ತದೆ. ‘ಹ’ದ ಕಥೆ ಇನ್ನೂ ದೊಡ್ಡದು. ಹಕ್ಕಿ ನಮಗೆ ಪಕ್ಕಿ, ಹೂ ಪೂ, ಹಂದಿ ಪಂಜಿ, ಹುಲಿ ಪಿಲಿ, ಹತ್ತು ಪತ್ತ್, ಹಾಲಿಗೂ ಪೇರ್.

ಇದರಲ್ಲಿ ನಾವು ಬಹಳ ತಡವಾಗಿ ತಿಳಿದ ಒಂದು ಸಂಗತಿ ಉಂಟು. ಹಿಂದಿನ ಕಾಲದ ಕನ್ನಡದಲ್ಲೂ ಈ ಮಾತುಗಳು ‘ಪ’ದಿಂದಲೇ ಆರಂಭವಾಗುತ್ತಿದ್ದವು. ಹಾಲು ಆಗ ಪಾಲ್, ಹೂ ಪೂ, ಹುಲಿ ಪುಲಿ, ಹಂದಿ ಪಂದಿ, ಹಕ್ಕಿ ಪಕ್ಕಿ. ಹತ್ತನೆಯ ಶತಮಾನದ ನಂತರ ನಿಧಾನವಾಗಿ ಕನ್ನಡದಲ್ಲಿ ‘ಪ’ ಹೋಗಿ ‘ಹ’ ಬಂತು. ತುಳುವಿನಲ್ಲಿ ಹಳೆಯದೇ ಉಳಿಯಿತು. 941ರಲ್ಲಿ ಕಾವ್ಯ ಬರೆದ ಪಂಪನ ಹತ್ತಿರ ಆ ಪಟ ತೋರಿಸಿ ಕೇಳಿದ್ದರೆ ಅವನೂ ನಮ್ಮ ಅಕ್ಕನ ಹಾಗೆ ‘ಪ’ ಎನ್ನುತ್ತಿದ್ದ. ಆದಿಕವಿಗೆ ಸನ್ಮಾನ, ಆರು ವರ್ಷದ ಹುಡುಗಿಗೆ ಬೆರಳ ಗಂಟಿಗೆ ಪೆಟ್ಟು!

ಹೊಡೆದವರನ್ನು ದೂರುವುದು ನಮ್ಮ ಉದ್ದೇಶವಲ್ಲ. ಅವರಿಗೂ ಹಾಗೆಯೇ ಕಲಿಸಿದ್ದರು. ಒಂದೇ ಕೋಣೆಯಲ್ಲಿ ಮೂರು ಕ್ಲಾಸು ನೋಡಬೇಕಾದ ಕಷ್ಟವೂ ಇತ್ತು. ಅಕ್ಕನಿಗೆ ಶಾಲೆ ಬೇಡವೆನಿಸಿದ ಹೊತ್ತಿಗೆ ಸರಿಯಾಗಿ ಮನೆಯಲ್ಲಿ ತೊಟ್ಟಿಲು ತೂಗುವವರು ಬೇಕಾಗಿದ್ದರು. ಅಮ್ಮ ನೇಜಿ ನೆಡಲಿಕ್ಕೆ ಹೋಗಬೇಕಿತ್ತು. ಆ ತೊಟ್ಟಿಲಲ್ಲಿದ್ದ ಮಗು ಬೇರೆ ಯಾರೂ ಅಲ್ಲ, ನಾವೇ. ನಮ್ಮ ಎಸ್ಸೆಸ್ಸೆಲ್ಸಿಗೆ ಫೀಸು ಕಟ್ಟಿದವರು ಯಾರು ಎಂದು ಈಗ ಅರ್ಥವಾಗುತ್ತದೆ.

ರಗಸದಅ

ನಮ್ಮ ಕಾಲದಲ್ಲಿ ಅಕ್ಷರ ಎಂದರೆ ಅ ಆ ಇ ಈಯಿಂದ ಹಿಡಿದು 49 ಅಕ್ಷರ ಸಾಲಾಗಿ ಕಲಿತು, ಕಾಗುಣಿತ ಕಲಿತು, ಒತ್ತಕ್ಷರ ಕಲಿತು, ಕೊನೆಗೆ ಒಂದು ಪದ ಓದುವುದು. ಮನೆ ಕಟ್ಟಲಿಕ್ಕೆ ಹೊರಟವನು ಎಲ್ಲ ಕಲ್ಲು ಬಂದು ಬೀಳುವವರೆಗೆ ಪಂಚಾಂಗ ಹಾಕದೆ ಕೂತ ಹಾಗೆ. ಸಾಲಿನಲ್ಲಿ ಮೊದಲು ಬರುವ ಅಕ್ಷರಗಳು ಬರೆಯಲಿಕ್ಕೆ ಸುಲಭದವೂ ಅಲ್ಲ. ‘ಈ’, ‘ಋ’ ಬರೆಯುವಾಗ ದೊಡ್ಡವರ ಕೈಯೇ ತಡವರಿಸುತ್ತದೆ.

ಮುಂದೆ ಈ ಕ್ರಮ ಬದಲಾಯಿತು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ‘ನಲಿ-ಕಲಿ’ 2009ರಿಂದ ರಾಜ್ಯದ ಎಲ್ಲ ಸರಕಾರಿ ಕನ್ನಡ ಶಾಲೆಗಳ ಸಣ್ಣ ಕ್ಲಾಸುಗಳಿಗೆ ಬಂತು. ಅದರಲ್ಲಿ ಮೊದಲು ಬರುವುದು ರ, ಗ, ಸ, ದ, ಅ. ಯಾಕೆಂದರೆ ‘ರ’ ಒಂದು ಸುತ್ತು, ‘ಗ’ ಒಂದು ಕಮಾನು, ಮೇಲೆ ತಲೆಕಟ್ಟು ಹಾಕಿದರೆ ಆಯಿತು. ಈ ಐದು ಬಂದ ಕೂಡಲೇ ಮಗು ಅರಸ, ಅಗಸ, ಸರ, ದರ, ಗರಗಸ ಎಂದು ಓದಿಯೇ ಬಿಡುತ್ತದೆ. ಆಮೇಲೆ ಜ, ವ, ಮ, ಬ, ನ. ‘ವ’ ಬರೆದವನಿಗೆ ಒಂದು ಬಾಲ ಸೇರಿಸಿದರೆ ‘ಮ’. ನಮ್ಮ ಕಡೆಯ ಮಕ್ಕಳಿಗೆ ಇದರಿಂದ ಇನ್ನೊಂದು ಲಾಭ ಉಂಟು. ಅರಸು, ಗರ್ಗಸ ತುಳುವಿನಲ್ಲೂ ಹೆಚ್ಚುಕಡಿಮೆ ಅದೇ. ಆ ಐದರಲ್ಲಿ ಇ ಇಲ್ಲ, ಎ ಇಲ್ಲ, ಹ ಇಲ್ಲ. ಅಕ್ಕನನ್ನು ಸೋಲಿಸಿದ ಮೂರು ಅಕ್ಷರ ಬರುವ ಹೊತ್ತಿಗೆ ಮಗುವಿಗೆ ಓದುವ ಧೈರ್ಯ ಬಂದಿರುತ್ತದೆ.

ಆದರೆ ಒಳ್ಳೆಯ ಕ್ರಮ ಬರುವ ಹೊತ್ತಿಗೆ ಸರಕಾರಿ ಶಾಲೆಗೆ ಮಕ್ಕಳೇ ಕಡಿಮೆಯಾದರು. ಈಗ ಬೆಳಿಗ್ಗೆ ಎಂಟು ಗಂಟೆಗೆ ಡೈರಿಯ ಎದುರಿನಿಂದ ಹಳದಿ ವ್ಯಾನುಗಳು ಮೂರು ದಿಕ್ಕಿಗೂ ಹೋಗುತ್ತವೆ. ಅದರಲ್ಲಿ ನಮ್ಮ ಮಗನೂ ಹೋದದ್ದುಂಟು, ಇಲ್ಲ ಎಂದು ಹೇಳುವುದಿಲ್ಲ. ಅಲ್ಲಿ ‘ಎ’ ಎಂದರೆ ಆಪಲ್. ನಮ್ಮ ಮೂರು ತಾಲೂಕಿನಲ್ಲಿ ಒಂದಾದರೂ ಸೇಬಿನ ಮರ ಉಂಟಾ? ಇಂಗ್ಲಿಷಿನ ‘ಎ’ ಬೇರೆ, ಕನ್ನಡದ ‘ಎ’ ಬೇರೆ. ಇಂಗ್ಲಿಷಿನ ‘ಇ’ ಬೇರೆ, ಕನ್ನಡದ ‘ಇ’ ಬೇರೆ. ಅಕ್ಕನಿಗೆ ಒಂದು ಅಡಿಮೇಲಾದರೆ ಈಗಿನ ಮಕ್ಕಳಿಗೆ ಎರಡು. ಪೆಟ್ಟು ಇಲ್ಲ ಎಂಬುದೊಂದೇ ಸಮಾಧಾನ. ಇಂಗ್ಲಿಷ್ ಕಲಿಯಬಾರದು ಎಂದು ನಾವು ಹೇಳುವುದಿಲ್ಲ. ಯಾವ ಭಾಷೆಯ ಅಕ್ಷರವೇ ಆಗಲಿ, ಮಗುವಿನ ಬಾಯಿಯಲ್ಲಿ ಇರುವ ಮಾತಿನಿಂದ ಆರಂಭಿಸಬೇಕು ಎಂದಷ್ಟೇ ನಮ್ಮ ಅಭಿಪ್ರಾಯ.

ಮನೆಯ ಹೆಸರು, ಪುಸ್ತಕದ ಹೆಸರು

ನಮ್ಮ ಊರಿನ ಅಂಗನವಾಡಿ ಟೀಚರ್ ಒಂದು ಉಪಾಯ ಮಾಡಿದ್ದಾರೆ. ಕಳೆದ ವರ್ಷ ಸಂಘದ ಪರವಾಗಿ ಸ್ವಾತಂತ್ರ್ಯ ದಿನಕ್ಕೆ ಸಿಹಿ ಹಂಚಲು ಹೋದಾಗ ನಾವು ಕಣ್ಣಾರೆ ನೋಡಿದೆವು. ಇಲಿಯ ಚಿತ್ರ ಹಿಡಿದು “ಇದು ಎಂಥ?” ಎಂದರು. ಮಕ್ಕಳೆಲ್ಲ “ಎಲಿ!” ಎಂದರು. “ಹೌದು, ನಮ್ಮ ಮನೆಯಲ್ಲಿ ಇದರ ಹೆಸರು ಎಲಿ. ಪುಸ್ತಕದ ಮನೆಗೆ ಹೋದಾಗ ಇದರ ಹೆಸರು ಇಲಿ” ಎಂದರು. ಒಂದು ಕೊಂಕಣಿ ಮಗುವಿನ ಹತ್ತಿರವೂ, ಒಂದು ಬ್ಯಾರಿ ಮಗುವಿನ ಹತ್ತಿರವೂ ಅವರವರ ಮನೆಯ ಹೆಸರು ಹೇಳಿಸಿದರು. ಎಲ್ಲರೂ ನಕ್ಕರು, ಯಾರನ್ನು ನೋಡಿಯೂ ಅಲ್ಲ. ಅಷ್ಟೇ ಮಾರಾಯ್ರೆ. ಇದಕ್ಕೆ ಟ್ರೈನಿಂಗು ಬೇಡ, ಗ್ರಾಂಟು ಬೇಡ.

‘ಎ’ಗೆ ಅವರು ಎಮ್ಮೆಯ ಚಿತ್ರ ಬರೆಸಿದ್ದಾರೆ, ಯಾಕೆಂದರೆ ಅದು ತುಳುವಿನಲ್ಲಿ ಎರ್ಮೆ. ‘ಉ’ಗೆ ಉಪ್ಪು, ‘ಆ’ಗೆ ಆನೆ, ‘ನ’ಗೆ ನಾಯಿ, ‘ಓ’ಗೆ ಮಂಗಳೂರು ಓಡು. ಇವೆಲ್ಲ ತುಳುವಿಗೂ ಒಂದೇ, ಕನ್ನಡಕ್ಕೂ ಒಂದೇ. ಅಚ್ಚುಕೂಟ ಹಾಕಿದ ಬಾಸೆಲ್ ಮಿಶನಿನವರೇ 1865ರಲ್ಲಿ ಓಡಿನ ಕಾರ್ಖಾನೆಯನ್ನೂ ಹಾಕಿದರು, ಹಾಗಾಗಿ ‘ಓ’ಗೆ ಓಡು ಬಂದದ್ದು ನ್ಯಾಯವೇ!

ಇದನ್ನು ನೋಡಿ ಬಂದ ಮೇಲೆ ಆಡಳಿತ ಮಂಡಳಿಯ ಸಭೆಯಲ್ಲಿ ವಿಷಯ ಇಟ್ಟೆವು. ಸಂಘದ ಧರ್ಮಾರ್ಥ ನಿಧಿಯಿಂದ ಅಂಗನವಾಡಿಗೆ ಚಿತ್ರದ ಹಲಗೆಗಳನ್ನೂ, ಅಂಚು ಕಟ್ಟಿದ ಹಲಸಿನ ಮರದ ಹೊಯಿಗೆ ಮಣೆಗಳನ್ನೂ ಮಾಡಿಸಿಕೊಟ್ಟೆವು. ಹೊಯಿಗೆಗೆ ಈಗ ಪರ್ಮಿಟ್ ಬೇಕಲ್ಲ ಎಂದು ಒಬ್ಬರು ನಿರ್ದೇಶಕರು ತಮಾಷೆ ಮಾಡಿದರು. ಮಕ್ಕಳ ಮಣೆಗೆ ಎರಡು ಸೇರು ಸಾಕು, ತೋಡಿನ ಬದಿಯದ್ದೇ ತಂದು ಜರಡಿ ಹಿಡಿದೆವು.

ಅಕ್ಕನ ಮೊಮ್ಮಗಳು ಆ ಅಂಗನವಾಡಿಗೆ ಹೋಗುವ ಮಗು. ಕಳೆದ ಆಟಿಯ ಮಳೆಯಲ್ಲಿ, ಗದ್ದೆ ಕೆಲಸ ಇಲ್ಲದ ಹೊತ್ತಿನಲ್ಲಿ, ಮೊಮ್ಮಗಳಿಗೆಂದು ಮನೆಯಲ್ಲಿ ಒಂದು ಗೆರಸೆಯಲ್ಲಿ ಹೊಯಿಗೆ ಹಾಕಿಟ್ಟಿದ್ದರು. ಮಗು ಅಜ್ಜಿಯ ಬೆರಳು ಹಿಡಿದು ತಿದ್ದಿಸಲಿಕ್ಕೆ ಶುರು ಮಾಡಿತಂತೆ. ಪಕ್ಕಿಗೆ ‘ಪ’ ಎಂದಾಗ ಮಗು “ಹೌದು ಅಜ್ಜಿ, ಅದು ಮನೆಯ ಹೆಸರು” ಎಂದಿತಂತೆ. ನಮ್ಮ ಅಕ್ಕನ ಸ್ವಂತ ಹೆಸರು ಆರಂಭವಾಗುವುದೂ ‘ಪ’ದಿಂದಲೇ. ಆಟಿ ಮುಗಿದು ಸೋಣ ಬರುವ ಹೊತ್ತಿಗೆ ಅವಳಿಗೆ ತನ್ನ ಹೆಸರು ಬರೆಯಲಿಕ್ಕೆ ಬಂತು. ಪೇಪರು ಓದುವಷ್ಟು ಇನ್ನೂ ಇಲ್ಲ, ಡೈರಿಯ ಚೀಟಿಯಲ್ಲಿ ‘ಹಾಲು’, ‘ದರ’ ಎಂದು ಗುರುತು ಹಿಡಿಯುತ್ತಾಳೆ.

ಆ ವರ್ಷದ ಮಹಾಸಭೆಯಲ್ಲಿ ಹಾಜರಿ ಪುಸ್ತಕದ ಮೇಜಿನ ಹತ್ತಿರ ನಾವೇ ಕೂತಿದ್ದೆವು. ಅಕ್ಕ ಬಂದಾಗ ಅಭ್ಯಾಸಬಲದಿಂದ ಶಾಯಿಯ ಪ್ಯಾಡನ್ನು ಮುಂದಕ್ಕೆ ದೂಡಿದೆವು. ಅವಳು ಅದನ್ನು ಬದಿಗಿಟ್ಟು ನಮ್ಮ ಕೈಯಿಂದ ಪೆನ್ನು ತೆಗೆದುಕೊಂಡಳು. ಬರೆಯಲಿಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಹಿಂದೆ ಸಾಲು ನಿಂತಿತ್ತು, ಯಾರೂ ಏನೂ ಹೇಳಲಿಲ್ಲ.

ಸದಸ್ಯ ಬಂಧುಗಳಲ್ಲಿ ನಮ್ಮದೊಂದು ವಿನಂತಿ. ಸಂಘದ ರಿಜಿಸ್ಟರಿನಲ್ಲಿ ಇನ್ನೂ ಕೆಲವು ಹೆಬ್ಬೆಟ್ಟುಗಳಿವೆ. ಮನೆಯಲ್ಲಿ ಅಕ್ಷರ ತಿದ್ದುವ ಮಗು ಇದ್ದರೆ ಅದರ ಜತೆ ದಿನಕ್ಕೆ ಹತ್ತು ನಿಮಿಷ ಕೂತುಕೊಳ್ಳಿ. ತಪ್ಪಿದರೆ ನಗಬೇಡಿ, ಮೊದಲು ಮನೆಯ ಹೆಸರು ಕೇಳಿ, ಆಮೇಲೆ ಪುಸ್ತಕದ ಹೆಸರು ಹೇಳಿ. ಕಲಿಸಿದವರಿಗೂ ಲಾಭ, ಕಲಿತವರಿಗೂ ಲಾಭ, ಸಹಕಾರ ಎಂದರೆ ಇದೇ ಅಲ್ಲವೇ? ಸಂಘವು ಸುವರ್ಣ ಮಹೋತ್ಸವವನ್ನು ಆಚರಿಸುವ ಹೊತ್ತಿಗೆ ರಿಜಿಸ್ಟರಿನ ಪಕ್ಕದಲ್ಲಿ ಶಾಯಿಯ ಪ್ಯಾಡ್ ಬೇಡವಾಗಲಿ ಎಂದು ಹಾರೈಸುತ್ತೇವೆ.